ಅಂಗೈ ತಿರುಗಬೇಕು: ಮಕ್ಕಳ ಮುರಿದ ಮುಂಗೈಗೆ ಪ್ಲೇಟ್ ಯಾವಾಗ?

ಮುದ್ದೆ ಮುರಿಯುವಾಗ ಅಂಗೈ ತಟ್ಟೆಯ ಕಡೆಗಿರುತ್ತದೆ. ತುತ್ತು ಬಾಯಿಗೆ ಬರುವಷ್ಟರಲ್ಲಿ ಅದು ನಮ್ಮ ಮುಖದ ಕಡೆಗೆ ಹೊರಳಿರುತ್ತದೆ. ತೀರ್ಥಕ್ಕೆ ಕೈಯೊಡ್ಡುವಾಗ, ಬೊಗಸೆಯಲ್ಲಿ ನೀರು ಹಿಡಿದು ಮುಖ ತೊಳೆಯುವಾಗ, ಬೀಗ ತೆಗೆಯುವಾಗ ನಡೆಯುವುದೂ ಇದೇ ಚಲನೆ. ಮಣಿಕಟ್ಟು ತಿರುಗುತ್ತಿದೆ ಎಂದು ನಮಗನ್ನಿಸುತ್ತದೆ. ನಿಜಕ್ಕೂ ತಿರುಗುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಇಡೀ ಮುಂಗೈ.

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ಅಲ್ನಾ ಹೆಚ್ಚುಕಡಿಮೆ ನೇರವಾಗಿದ್ದು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ರೇಡಿಯಸ್ ಅದರ ಸುತ್ತ ಹೊರಳುತ್ತದೆ. ಅಂಗೈ ಮೇಲ್ಮುಖವಾಗಿದ್ದಾಗ ಎರಡೂ ಅಕ್ಕಪಕ್ಕ ಮಲಗಿರುತ್ತವೆ. ಕೆಳಮುಖ ಮಾಡಿದರೆ ರೇಡಿಯಸ್ ಅಲ್ನಾವನ್ನು ಅಡ್ಡ ಹಾಯುತ್ತದೆ. ಹಾಗೆ ಹಾಯುವಾಗ ಒಂದಕ್ಕೊಂದು ತಗಲದಂತೆ ರೇಡಿಯಸ್ ಹುಟ್ಟಿನಿಂದಲೇ ಹೊರಕ್ಕೆ ತುಸು ಬಾಗಿದೆ. ಎರಡರ ನಡುವೆ ಬಲವಾದ ನಾರುಪೊರೆಯೊಂದು ಬಿಗಿದು ನಿಂತಿದೆ. ಈ ಬಾಗು, ಈ ಪೊರೆ, ಎರಡೂ ಮೂಳೆಗಳ ಉದ್ದ ಮತ್ತು ಎರಡೂ ತುದಿಯ ಕೀಲುಗಳು ಸರಿಯಾಗಿದ್ದರೆ ಮಾತ್ರ ಅಂಗೈ ಪೂರ್ತಿ ಹೊರಳುತ್ತದೆ. ದಿನನಿತ್ಯದ ಬಹುತೇಕ ಕೆಲಸಗಳಿಗೆ ಮೇಲಕ್ಕೆ 50, ಕೆಳಕ್ಕೆ 50, ಒಟ್ಟು ಸುಮಾರು 100 ಡಿಗ್ರಿಯ ಹೊರಳು ಸಾಕು.

ಹೊರಳು ಕಡಿಮೆಯಾದರೆ ದೇಹ ಸ್ವಲ್ಪ ಮಟ್ಟಿಗೆ ದಾರಿ ಹುಡುಕುತ್ತದೆ. ಅಂಗೈ ಕೆಳಮುಖ ಮಾಡಲಾಗದವರು ಮೊಣಕೈಯನ್ನು ಪಕ್ಕಕ್ಕೆ ಎತ್ತಿ ಭುಜದಿಂದ ಆ ಕೊರತೆ ತುಂಬಿಕೊಳ್ಳುತ್ತಾರೆ, ಬರೆಯುತ್ತಾರೆ, ಕೀಬೋರ್ಡ್ ಒತ್ತುತ್ತಾರೆ. ಅಂಗೈ ಮೇಲ್ಮುಖ ಮಾಡಲಾಗದವರಿಗೆ ಭುಜ ಅಷ್ಟು ನೆರವಾಗುವುದಿಲ್ಲ. ಕೈಯಿಂದ ಉಣ್ಣುವ ನಮ್ಮಂಥವರಿಗೆ ಅದು ದಿನಕ್ಕೆ ಮೂರು ಹೊತ್ತು ಕಾಡುವ ಕೊರತೆ. ಮಗುವಿನ ಮುಂಗೈ ಮುರಿದಾಗ ವೈದ್ಯರು ಕಾಪಾಡಲು ಹೊರಡುವುದು ಈ ಹೊರಳನ್ನು. ಮೂಳೆ ಕೂಡಿಕೊಳ್ಳುವುದೇನೋ ಮಕ್ಕಳಲ್ಲಿ ಬಹುಪಾಲು ಖಚಿತ. ಹೇಗೆ ಕೂಡಿಕೊಂಡಿತು ಎಂಬುದೇ ಮುಖ್ಯ.

ಬೆಳೆಯುವ ಮೂಳೆಯ ಸ್ವಭಾವ

ಸೀಬೆ ಮರದಿಂದ, ಸೈಕಲ್ಲಿನಿಂದ, ಶಾಲೆಯ ಜಾರುಬಂಡೆಯಿಂದ ಬೀಳುವ ಮಗು ಮೊದಲು ಕೈಯೂರುತ್ತದೆ. ಅದಕ್ಕೇ ಮಕ್ಕಳಲ್ಲಿ ಮುಂಗೈ ಮುರಿತ ಅಷ್ಟೊಂದು ಸಾಮಾನ್ಯ. ಹೆಚ್ಚಿನವು ಮಣಿಕಟ್ಟಿನ ಹತ್ತಿರ ಆಗುತ್ತವೆ. ನಡುಭಾಗದಲ್ಲಿ ಎರಡೂ ಮೂಳೆ ಮುರಿಯುವುದು ಅದಕ್ಕಿಂತ ಕಡಿಮೆ, ಆದರೆ ವೈದ್ಯರನ್ನು ಯೋಚನೆಗೆ ಹಚ್ಚುವುದು ಅದೇ.

ದೊಡ್ಡವರ ಮೂಳೆ ಒಮ್ಮೆಲೇ ಎರಡು ತುಂಡಾಗುತ್ತದೆ. ಮಗುವಿನ ಮೂಳೆ ಹಸಿ ಕಡ್ಡಿಯ ಹಾಗೆ. ಬಗ್ಗಿಸಿದರೆ ಒಂದು ಬದಿ ಸೀಳಿ ಇನ್ನೊಂದು ಬದಿ ಹಿಡಿದುಕೊಂಡೇ ಇರುತ್ತದೆ. ಕೆಲವೊಮ್ಮೆ ಎಲ್ಲೂ ಬಿರುಕು ಕಾಣದೆ ಇಡೀ ಮೂಳೆಯೇ ಬಾಗಿ ಹಾಗೇ ಉಳಿಯುವುದೂ ಉಂಟು. ಮೂಳೆಯ ಮೇಲೆ ಪೆರಿಯಾಸ್ಟಿಯಮ್ ಎಂಬ ಹೊದಿಕೆಯಿದೆ. ಮಕ್ಕಳಲ್ಲಿ ಅದು ದಪ್ಪ, ರಕ್ತಸಂಚಾರ ಹೆಚ್ಚು, ಹೊಸ ಮೂಳೆ ಕಟ್ಟುವ ಜೀವಕೋಶಗಳಿಂದ ತುಂಬಿರುತ್ತದೆ. ಮುರಿದ ತುಂಡುಗಳನ್ನು ಒಂದು ಬದಿಯಲ್ಲಾದರೂ ಅದು ಹಿಡಿದಿಟ್ಟಿರುತ್ತದೆ. ಹೀಗಾಗಿ ದೊಡ್ಡವರಿಗೆ ತಿಂಗಳುಗಟ್ಟಲೆ ಬೇಕಾಗುವ ಕೂಡಿಕೆ ಮಕ್ಕಳಲ್ಲಿ ಹೆಚ್ಚಾಗಿ ಆರೆಂಟು ವಾರಗಳಲ್ಲಿ ಮುಗಿಯುತ್ತದೆ.

ಅದಕ್ಕಿಂತ ದೊಡ್ಡ ವರವೊಂದಿದೆ. ಮಗುವಿನ ಮೂಳೆ ಸೊಟ್ಟಗೆ ಕೂಡಿದರೂ ಬೆಳೆಯುತ್ತಾ ನೆಟ್ಟಗಾಗಬಲ್ಲದು. ಮೂಳೆಯ ತುದಿಯ ಬಳಿ ಇರುವ ಬೆಳವಣಿಗೆ ಪದರ ತಾನು ಓರೆಯಾಗಿರುವುದಕ್ಕೆ ತಕ್ಕಂತೆ ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಬೆಳೆದು ದಿಕ್ಕು ತಿದ್ದಿಕೊಳ್ಳುತ್ತದೆ. ಮುರಿದ ಜಾಗದಲ್ಲಿ ಉಬ್ಬಿದ ಬದಿ ಸವೆದು, ತಗ್ಗಿನ ಬದಿಯಲ್ಲಿ ಹೊಸ ಮೂಳೆ ಕೂಡುತ್ತದೆ. ಹೊರೆ ಎಲ್ಲಿ ಬೀಳುತ್ತದೋ ಅಲ್ಲಿ ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬ ನಿಯಮವನ್ನು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದ.

ಈ ತಿದ್ದುವಿಕೆಗೆ ಮಿತಿಗಳಿವೆ, ಪ್ಲೇಟಿನ ಕಥೆ ಶುರುವಾಗುವುದು ಅಲ್ಲಿಂದಲೇ. ಮೊದಲನೆಯದು ವಯಸ್ಸು: ಆರು ವರ್ಷದ ಮಗುವಿಗೆ ಇನ್ನೂ ಬೆಳೆಯುವ ವರ್ಷಗಳು ಬಹಳ ಇವೆ, ಹದಿಮೂರರ ಹುಡುಗಿಗೆ ಹೆಚ್ಚಿಲ್ಲ. ಎರಡನೆಯದು ಜಾಗ: ರೇಡಿಯಸ್ ಉದ್ದವಾಗುವುದರಲ್ಲಿ ಸುಮಾರು ಮುಕ್ಕಾಲು ಪಾಲು ಮಣಿಕಟ್ಟಿನ ಕಡೆಯ ಬೆಳವಣಿಗೆ ಪದರದ್ದು, ಮುರಿತ ಅದಕ್ಕೆ ಹತ್ತಿರವಿದ್ದಷ್ಟೂ ಚೆನ್ನಾಗಿ ತಿದ್ದಿಕೊಳ್ಳುತ್ತದೆ, ಮೊಣಕೈ ಕಡೆಗೆ ಹೋದಷ್ಟೂ ಕಡಿಮೆ. ಮೂರನೆಯದು ದಿಕ್ಕು: ಮಣಿಕಟ್ಟು ಮಡಿಸಿ ಬಿಡಿಸುವ ದಿಕ್ಕಿನ ಬಾಗು ಬೇಗ ಹೋಗುತ್ತದೆ, ಪಕ್ಕದ ಬಾಗು ಅಷ್ಟು ಬೇಗ ಹೋಗುವುದಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ: ಮೂಳೆಯ ಎರಡು ತುಂಡುಗಳು ಒಂದಕ್ಕೊಂದು ತಿರುಚಿಕೊಂಡು ಕೂಡಿದರೆ ಆ ತಿರುಚನ್ನು ಬೆಳವಣಿಗೆ ತಿದ್ದುತ್ತದೆ ಎಂದು ನೆಚ್ಚುವಂತಿಲ್ಲ.

ಎಷ್ಟು ಸೊಟ್ಟವನ್ನು ಸಹಿಸಬಹುದು? ಎಂಟೊಂಬತ್ತು ವರ್ಷದೊಳಗಿನ ಮಕ್ಕಳಲ್ಲಿ ನಡುಭಾಗದ ಮುರಿತ 15 ಡಿಗ್ರಿಯಷ್ಟು ಬಾಗಿ ಕೂಡಿದರೂ ಸಾಮಾನ್ಯವಾಗಿ ಒಪ್ಪುತ್ತಾರೆ. ತುಂಡುಗಳ ತುದಿಗಳು ಎದುರಾಬದುರಾ ಕೂರದೆ ಅಕ್ಕಪಕ್ಕ ಸರಿದು ಒಂದು ಸೆಂಟಿಮೀಟರಿನಷ್ಟು ಮೇಲುಮೇಲೆ ಬಂದರೂ ಚಿಕ್ಕ ಮಕ್ಕಳಲ್ಲಿ ಪರವಾಗಿಲ್ಲ. ಎಕ್ಸ್‌ರೇ ನೋಡಿದ ತಂದೆತಾಯಿಗೆ ಇದು ಗಾಬರಿ ಹುಟ್ಟಿಸುತ್ತದೆ, ಆದರೆ ಮೂಳೆ ಅದನ್ನು ತಿದ್ದಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಮಿತಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಈ ಅಂಕಿಗಳಿಗೆ ಆಧಾರವಿದೆ. ಮೃತದೇಹಗಳ ಮುಂಗೈಗಳನ್ನು ಬೇಕೆಂದೇ ಬಾಗಿಸಿ ನೋಡಿದ ಪ್ರಯೋಗಗಳಲ್ಲಿ 10 ಡಿಗ್ರಿ ಬಾಗಿನಿಂದ ಹೊರಳಿಗೆ ಹೆಚ್ಚು ನಷ್ಟವಾಗಲಿಲ್ಲ. 20 ಡಿಗ್ರಿಯಾದಾಗ ಹೊರಳು ಎದ್ದು ಕಾಣುವಷ್ಟು ಕಡಿಮೆಯಾಯಿತು.

ಪ್ಲಾಸ್ಟರ್ ಎಂಬ ಮೊದಲ ಆಯ್ಕೆ

ಡಚ್ ಸೇನಾವೈದ್ಯ ಆಂಟೋನಿಯಸ್ ಮಾಥೈಸನ್ 1851ರಲ್ಲಿ ಬಟ್ಟೆಪಟ್ಟಿಗೆ ಜಿಪ್ಸಮ್ ಪುಡಿ ತಿಕ್ಕಿ, ನೀರು ತಾಗಿಸಿದರೆ ನಿಮಿಷಗಳಲ್ಲಿ ಗಟ್ಟಿಯಾಗುವ ಪಟ್ಟಿಯನ್ನು ಬಳಕೆಗೆ ತಂದ. ಇಂದಿಗೂ ಮಕ್ಕಳ ಮುಂಗೈ ಮುರಿತಗಳಲ್ಲಿ ಬಹುಪಾಲಿಗೆ ಪ್ಲಾಸ್ಟರೇ ಚಿಕಿತ್ಸೆ. 1955ರಲ್ಲಿ ಅಮೆರಿಕದ ವಾಲ್ಟರ್ ಬ್ಲೌಂಟ್ ಮಕ್ಕಳ ಮುರಿತಗಳ ಕುರಿತೇ ಒಂದು ಪುಸ್ತಕ ಬರೆದು, ಅನಗತ್ಯವಾಗಿ ಮಕ್ಕಳ ಮೂಳೆಗೆ ಕತ್ತಿ ಹಾಕುವುದನ್ನು ಕಟುವಾಗಿ ವಿರೋಧಿಸಿದರು. ಆ ಎಚ್ಚರಿಕೆ ಇಂದಿಗೂ ಅರ್ಥ ಕಳೆದುಕೊಂಡಿಲ್ಲ.

ಪ್ಲಾಸ್ಟರ್ ಹಾಕುವುದು ಸುಲಭದ ಕೆಲಸವೆಂದು ತಿಳಿಯಬಾರದು. ಅರಿವಳಿಕೆ ಕೊಟ್ಟು ಮೂಳೆಯನ್ನು ಎಳೆದು, ನೇರಮಾಡಿ, ತಿರುಚು ಬಿಡಿಸಿ ಕೂರಿಸಬೇಕು. ಆಮೇಲೆ ಮೂರು ಜಾಗದಲ್ಲಿ ಅಂಗೈಯಿಂದ ಒತ್ತಿ ಪ್ಲಾಸ್ಟರಿಗೆ ಆಕಾರ ಕೊಡಬೇಕು. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ತಮ್ಮ ಪುಸ್ತಕದಲ್ಲಿ ಈ ಕೌಶಲವನ್ನು ವಿಜ್ಞಾನದ ಮಟ್ಟಕ್ಕೆ ಏರಿಸಿದರು. ಒಳ್ಳೆಯ ಮುಂಗೈ ಪ್ಲಾಸ್ಟರ್ ಉರುಟಾಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಪ್ಲಾಸ್ಟರಿನ ಒಳಗಲವನ್ನು, ಎದುರಿನಿಂದ ತೆಗೆದುದರಲ್ಲಿ ಕಾಣುವ ಒಳಗಲದಿಂದ ಭಾಗಿಸಿದರೆ 0.8ಕ್ಕಿಂತ ಹೆಚ್ಚು ಬರಬಾರದು. ಹೆಚ್ಚಾದರೆ ಒಳಗೆ ಮೂಳೆ ಸರಿಯುವ ಸಂಭವ ಹೆಚ್ಚು. ಮೊದಲ ವಾರದಲ್ಲಿ ಊತ ಇಳಿದಾಗ ಪ್ಲಾಸ್ಟರ್ ಸಡಿಲವಾಗುತ್ತದೆ, ಕೂರಿಸಿದ ಮೂಳೆ ಮತ್ತೆ ಬಾಗಲು ಶುರುವಾಗುವುದು ಆಗಲೇ. ಆದ್ದರಿಂದ ಮೊದಲ ಎರಡು ಮೂರು ವಾರ ಪ್ರತಿ ವಾರ ಎಕ್ಸ್‌ರೇ ತೆಗೆಯುತ್ತಾರೆ.

ಪ್ಲೇಟ್ ಬಂದ ದಾರಿ

ಮೂಳೆಗೆ ಲೋಹದ ಪಟ್ಟಿ ಜೋಡಿಸಿ ಸ್ಕ್ರೂ ಹಾಕುವ ಯೋಚನೆಯನ್ನು 1886ರಲ್ಲಿ ಹ್ಯಾಂಬರ್ಗಿನ ಕಾರ್ಲ್ ಹಾನ್ಸ್‌ಮನ್ ಪ್ರಕಟಿಸಿದ. ಅವನ ಪ್ಲೇಟಿನ ಒಂದು ತುದಿ ಚರ್ಮದಿಂದ ಹೊರಗೇ ಇರುತ್ತಿತ್ತು. ಕೆಲವು ವಾರಗಳ ನಂತರ ಮತ್ತೆ ಕೊಯ್ಯದೆ ಹೊರತೆಗೆಯಲು ಆ ಏರ್ಪಾಟು. ಲಂಡನ್ನಿನ ವಿಲಿಯಂ ಆರ್ಬತ್‌ನಾಟ್ ಲೇನ್ ಗಾಯಕ್ಕೆ ಬೆರಳು ತಾಗದಂತೆ ಉದ್ದನೆಯ ಉಪಕರಣಗಳಿಂದಲೇ ಪ್ಲೇಟ್ ಕೂರಿಸುವ ಕಟ್ಟುನಿಟ್ಟಿನ ವಿಧಾನ ರೂಪಿಸಿದ. ಪ್ರತಿಜೀವಕಗಳಿಲ್ಲದ ಆ ಕಾಲದಲ್ಲಿ ಸೋಂಕು ತಡೆಯಲು ಅವನು ಹಿಡಿದ ದಾರಿ ಅದು. ಆದರೆ ಅಂದಿನ ಉಕ್ಕು ದೇಹದೊಳಗೆ ತುಕ್ಕು ಹಿಡಿಯುತ್ತಿತ್ತು, ಪ್ಲೇಟುಗಳು ಮುರಿಯುತ್ತಿದ್ದವು.

ಮುಖ್ಯ ತಿರುವು ಬೆಲ್ಜಿಯಂನಿಂದ ಬಂತು. ಬ್ರಸೆಲ್ಸಿನ ರಾಬರ್ಟ್ ಡಾನಿಸ್ 1949ರಲ್ಲಿ, ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಪ್ಲೇಟ್ ಹಾಕಿದರೆ ಗಂಟು ಕಟ್ಟದೆಯೇ ಮೂಳೆ ಕೂಡುತ್ತದೆಂದು ತೋರಿಸಿದರು. ಅವರನ್ನು ಕಂಡು ಬಂದ ಸ್ವಿಸ್ ವೈದ್ಯ ಮೌರಿಸ್ ಮ್ಯುಲ್ಲರ್ 1958ರಲ್ಲಿ ಬೀಲ್ ಎಂಬ ಊರಿನಲ್ಲಿ ಮಾರ್ಟಿನ್ ಆಲ್‌ಗೋವರ್, ಹಾನ್ಸ್ ವಿಲ್ಲನೆಗರ್, ರಾಬರ್ಟ್ ಷ್ನೈಡರ್ ಮೊದಲಾದವರೊಂದಿಗೆ ಎಒ ಎಂಬ ಅಧ್ಯಯನ ಗುಂಪನ್ನು ಕಟ್ಟಿದರು. ಇಂದು ಲೋಕದ ಎಲ್ಲೆಡೆ ಬಳಕೆಯಲ್ಲಿರುವ ಪ್ಲೇಟ್, ಸ್ಕ್ರೂ, ಡ್ರಿಲ್‌ಗಳ ಅಳತೆ ಮತ್ತು ಕ್ರಮಗಳಲ್ಲಿ ಬಹಳಷ್ಟು ಆ ಗುಂಪಿನ ಕೊಡುಗೆ.

ಪ್ಲೇಟಿನ ಕೆಳಗೆ ಮೂಳೆ ಕೂಡುವ ಬಗೆಯೇ ಬೇರೆ. ಪ್ಲಾಸ್ಟರಿನೊಳಗೆ ತುಂಡುಗಳು ಸ್ವಲ್ಪ ಸ್ವಲ್ಪ ಅಲುಗಾಡುತ್ತವೆ. ಆ ಅಲುಗಾಟವೇ ಪ್ರಚೋದನೆಯಾಗಿ ಸುತ್ತ ಮೆದುಮೂಳೆಯ ಗಂಟು ಬೆಳೆದು, ಗಟ್ಟಿಯಾಗಿ, ಮೂಳೆಯಾಗುತ್ತದೆ. ಪ್ಲೇಟ್ ಬಿಗಿಯಾಗಿ ಒತ್ತಿ ಹಿಡಿದಾಗ ಅಲುಗಾಟವಿಲ್ಲ, ಗಂಟೂ ಇಲ್ಲ. ಹಳೆ ಮೂಳೆಯನ್ನು ಕರಗಿಸುವ ಕೋಶಗಳು ಸಣ್ಣ ಸುರಂಗ ಕೊರೆಯುತ್ತಾ ಬಿರುಕನ್ನು ದಾಟುತ್ತವೆ. ಅವುಗಳ ಬೆನ್ನಿಗೇ ಹೊಸ ಮೂಳೆ ಕಟ್ಟುವ ಕೋಶಗಳು ಸುರಂಗವನ್ನು ತುಂಬುತ್ತಾ ಬರುತ್ತವೆ. ಇದು ನಿಧಾನದ ಕೆಲಸ, ಆದರೆ ಮೂಳೆಯ ಮೂಲ ಆಕಾರ ಇದ್ದ ಹಾಗೇ ಉಳಿಯುತ್ತದೆ. ದೊಡ್ಡವರ ಮುಂಗೈಯ ಎರಡೂ ಮೂಳೆ ಮುರಿದರೆ ಪ್ಲೇಟೇ ಸರ್ವಸಮ್ಮತ ಚಿಕಿತ್ಸೆಯಾಗಿರುವುದು ಇದರಿಂದಲೇ: ಅವರಿಗೆ ತಿದ್ದಿಕೊಡುವ ಬೆಳವಣಿಗೆ ಇಲ್ಲ.

ಮಗುವಿಗೆ ಪ್ಲೇಟ್ ಬೇಕಾಗುವುದು ಯಾವಾಗ?

ಬೆಳವಣಿಗೆ ತಿದ್ದಲಾರದ್ದನ್ನು ಪ್ಲೇಟ್ ತಿದ್ದಬೇಕು. ಈ ಒಂದು ಮಾತಿನಿಂದ ಉಳಿದೆಲ್ಲವೂ ಹುಟ್ಟುತ್ತವೆ. ಹತ್ತು ದಾಟಿದ ಮಕ್ಕಳಲ್ಲಿ ಬಾಗು ಮಿತಿಯೊಳಗೆ ನಿಲ್ಲದಿದ್ದಾಗ, ಪ್ಲಾಸ್ಟರಿನೊಳಗೆ ಮೂಳೆ ಮತ್ತೆ ಮತ್ತೆ ಸರಿದಾಗ, ತುಂಡುಗಳ ನಡುವೆ ಸ್ನಾಯು ಸಿಕ್ಕಿಕೊಂಡು ಕೂರಿಸಲಾಗದಾಗ, ಮೂಳೆ ಚರ್ಮ ಸೀಳಿ ಹೊರಬಂದಾಗ, ಕೂಡಿದ ಮೂಳೆ ಅದೇ ಜಾಗದಲ್ಲಿ ಇನ್ನೊಮ್ಮೆ ಮುರಿದಾಗ, ಹಿಂದೆ ಸೊಟ್ಟಗೆ ಕೂಡಿದ್ದನ್ನು ಕತ್ತರಿಸಿ ಸರಿಪಡಿಸಬೇಕಾದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಇನ್ನೊಂದು ಸಂದರ್ಭವನ್ನು ಪ್ರತ್ಯೇಕವಾಗಿ ಹೇಳಬೇಕು. 1814ರಲ್ಲಿ ಮಿಲಾನಿನ ಜೊವಾನಿ ಬಟಿಸ್ಟಾ ಮೊಂಟೆಜ್ಜಿಯಾ ವಿವರಿಸಿದ ಗಾಯ ಅದು. ಅಲ್ನಾ ಮುರಿಯುತ್ತದೆ, ಜೊತೆಗೆ ಮೊಣಕೈಯಲ್ಲಿ ರೇಡಿಯಸ್‌ನ ತಲೆ ಕೀಲು ತಪ್ಪುತ್ತದೆ. ಮುರಿತ ಎದ್ದು ಕಾಣುವುದರಿಂದ ಎಲ್ಲರ ಕಣ್ಣೂ ಅದರ ಮೇಲೆಯೇ ನೆಟ್ಟು, ಕೀಲು ತಪ್ಪಿದ್ದು ಗಮನಕ್ಕೆ ಬಾರದೆ ಹೋಗಬಹುದು. ಅಲ್ನಾ ಮುರಿಯದೆ ಬರೀ ಬಾಗಿದ್ದರಂತೂ ಇನ್ನೂ ಕಷ್ಟ. ಅದಕ್ಕೇ ಮುಂಗೈ ಎಕ್ಸ್‌ರೇಯಲ್ಲಿ ಮೊಣಕೈ, ಮಣಿಕಟ್ಟು ಎರಡೂ ಕಾಣಬೇಕು. ರೇಡಿಯಸ್‌ನ ಕತ್ತಿನ ನಡುವೆ ಎಳೆದ ಗೆರೆ ಯಾವ ಕೋನದಿಂದ ತೆಗೆದ ಚಿತ್ರದಲ್ಲಾದರೂ ತೋಳುಮೂಳೆಯ ತುದಿಯಲ್ಲಿನ ಗುಂಡಗಿನ ಭಾಗದ ಮೇಲೆ ಹಾಯಬೇಕು. ಈ ಗಾಯದಲ್ಲಿ ಅಲ್ನಾದ ಉದ್ದ ಸರಿಯಾಗಿ ಮರಳಿದರೆ ರೇಡಿಯಸ್‌ನ ತಲೆ ಸಾಮಾನ್ಯವಾಗಿ ತಾನೇ ಜಾಗಕ್ಕೆ ಬರುತ್ತದೆ. ಅಲ್ನಾ ಓರೆಯಾಗಿ ಅಥವಾ ಚೂರುಚೂರಾಗಿ ಮುರಿದಿದ್ದರೆ ಆ ಉದ್ದವನ್ನು ಹಿಡಿದಿಡಲು ಪ್ಲೇಟಿನಷ್ಟು ನೆಚ್ಚಿಕೆಯ ಸಾಧನ ಬೇರೆಯಿಲ್ಲ.

ಆಪರೇಷನ್ ಕೋಣೆಯಲ್ಲಿ

ಅಲ್ನಾ ಚರ್ಮದ ಕೆಳಗೇ ಇದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳಾಡಿಸಿದರೆ ಅದರ ಅಂಚು ಸಿಗುತ್ತದೆ. ಅಲ್ಲಿಗೆ ತಲುಪುವುದು ಸುಲಭ. ರೇಡಿಯಸ್ ಸ್ನಾಯುಗಳ ಆಳದಲ್ಲಿದೆ. ಆರ್ನಾಲ್ಡ್ ಹೆನ್ರಿ ತೋರಿಸಿಕೊಟ್ಟ ದಾರಿಯಲ್ಲಿ, ಮುಂಗೈಯ ಮುಂಬದಿಯಿಂದ, ಸ್ನಾಯುಗಳನ್ನು ಕತ್ತರಿಸದೆ ಅವುಗಳ ನಡುವಿನಿಂದ ಒಳಹೋಗುತ್ತಾರೆ. ಮೇಲ್ಭಾಗದಲ್ಲಿ ಅಪಾಯವೊಂದಿದೆ. ಬೆರಳುಗಳನ್ನು ಬಿಡಿಸುವ ನರ ರೇಡಿಯಸ್‌ನ ಕತ್ತನ್ನು ಸುತ್ತಿಕೊಂಡು ಹಿಂಬದಿಗೆ ಹೋಗುತ್ತದೆ. ಅಂಗೈಯನ್ನು ಪೂರ್ತಿ ಮೇಲ್ಮುಖ ಮಾಡಿಟ್ಟರೆ ಆ ನರ ಕತ್ತಿಯ ದಾರಿಯಿಂದ ದೂರ ಸರಿಯುತ್ತದೆ.

ಎರಡು ಮೂಳೆಗಳಿಗೆ ಎರಡು ಬೇರೆ ಬೇರೆ ಕೊಯ್ತ ಮಾಡುತ್ತಾರೆ. ಒಂದರಿಂದಲೇ ಎರಡನ್ನೂ ಮುಟ್ಟಹೋದರೆ ನಡುವಿನ ಪೊರೆಗೆ ಪೆಟ್ಟಾಗಿ, ಎರಡೂ ಮೂಳೆಗಳ ನಡುವೆ ಮೂಳೆಯ ಸೇತುವೆ ಬೆಳೆಯಬಹುದು. ಆಗ ಹೊರಳು ನಿಂತೇ ಹೋಗುತ್ತದೆ. ಪೆರಿಯಾಸ್ಟಿಯಮ್ ಹೊದಿಕೆಯನ್ನು ಬೇಕಾದಷ್ಟೇ ಸರಿಸುತ್ತಾರೆ, ಏಕೆಂದರೆ ಗುಣಪಡಿಸುವ ಶಕ್ತಿ ಇರುವುದೇ ಅಲ್ಲಿ. ಮಗುವಿನ ಗಾತ್ರ ನೋಡಿ 3.5 ಅಥವಾ 2.7 ಮಿಲಿಮೀಟರ್ ಸ್ಕ್ರೂಗಳ ಪ್ಲೇಟ್ ಆರಿಸುತ್ತಾರೆ. ದೊಡ್ಡವರಲ್ಲಿ ಮುರಿತದ ಎರಡೂ ಕಡೆ ಮೂರು ಮೂರು ಸ್ಕ್ರೂ ವಾಡಿಕೆ. ಮಕ್ಕಳಲ್ಲಿ ಎರಡೆರಡೇ ಸಾಕಾಗುವುದುಂಟು. ರೇಡಿಯಸ್‌ಗೆ ನೇರ ಪ್ಲೇಟ್ ಹಾಕಿ ಬಿಗಿದರೆ ಅದರ ಸಹಜ ಬಾಗು ಚಪ್ಪಟೆಯಾಗಿಬಿಡುತ್ತದೆ, ಆದ್ದರಿಂದ ಪ್ಲೇಟನ್ನೇ ಮೂಳೆಯ ಆಕಾರಕ್ಕೆ ಬಗ್ಗಿಸುತ್ತಾರೆ. ಗಾಯ ಮುಚ್ಚುವ ಮೊದಲು ಮಾಡಲೇಬೇಕಾದ ಪರೀಕ್ಷೆ ಒಂದಿದೆ: ಮಲಗಿರುವ ಮಗುವಿನ ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ಪೂರ್ತಿ ಹೊರಳಿಸಿ ನೋಡುವುದು. ಎಲ್ಲಾದರೂ ತಡೆದರೆ ಜೋಡಣೆಯಲ್ಲಿ ತಿರುಚು ಉಳಿದಿದೆ ಎಂದರ್ಥ. ಸ್ಕ್ರೂ ಬಿಚ್ಚಿ ಮತ್ತೆ ಕೂರಿಸಬೇಕು.

ರಾಡ್ ಹಾಕುವುದು ಇನ್ನೊಂದು ದಾರಿ

ಪ್ಲೇಟಿಗೆ ಇಂದು ಬಲವಾದ ಪ್ರತಿಸ್ಪರ್ಧಿಯಿದೆ. ಫ್ರಾನ್ಸಿನ ನಾನ್ಸಿ ಊರಿನ ಜಾನ್ ಪಾಲ್ ಮೆಟಾಯ್ಜೊ ಮತ್ತವರ ಸಂಗಡಿಗರು 1970ರ ದಶಕದ ಕೊನೆಯಿಂದ ಬೆಳೆಸಿದ ವಿಧಾನದಲ್ಲಿ, ಬಳುಕುವ ತೆಳುವಾದ ಸರಳನ್ನು ಸಣ್ಣ ರಂಧ್ರದಿಂದ ಮೂಳೆಯ ಪೊಳ್ಳಿನೊಳಗೆ ತೂರಿಸುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಟೆನ್ಸ್ ನೇಲ್ ಎನ್ನುತ್ತಾರೆ, ಮನೆಯವರು ರಾಡ್ ಎನ್ನುತ್ತಾರೆ. ರೇಡಿಯಸ್‌ಗೆ ಮಣಿಕಟ್ಟಿನ ಬೆಳವಣಿಗೆ ಪದರಕ್ಕೆ ತಾಗದಂತೆ ಅದರ ಮೇಲಿನಿಂದ, ಅಲ್ನಾಕ್ಕೆ ಮೊಣಕೈ ಕಡೆಯಿಂದ ಹಾಕುವುದು ರೂಢಿ. ಕಲೆ ಚಿಕ್ಕದು, ಸಮಯ ಕಡಿಮೆ, ಮುರಿದ ಜಾಗವನ್ನು ತೆರೆಯಬೇಕಾಗಿಲ್ಲ, ತೆಗೆಯುವುದೂ ಸುಲಭ.

ಅದಕ್ಕೂ ಕೊರತೆಗಳಿವೆ. ದೊಡ್ಡ ಮಕ್ಕಳಲ್ಲಿ ಅಲ್ನಾ ಕೂಡುವುದು ತಡವಾಗಬಹುದು. ರೇಡಿಯಸ್‌ಗೆ ಹಿಂಬದಿಯಿಂದ ಹಾಕಿದ ಸರಳಿನ ತುದಿ ಉಜ್ಜಿ ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜು ಹರಿಯಬಹುದು. ಚೂರಾದ ಮುರಿತದಲ್ಲಿ ಉದ್ದವನ್ನು ಅದು ಪ್ಲೇಟಿನಷ್ಟು ಗಟ್ಟಿಯಾಗಿ ಹಿಡಿಯಲಾರದು. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ರೇಡಿಯಸ್‌ನ ಬಾಗು ಪ್ಲೇಟಿನಿಂದ ಹೆಚ್ಚು ನಿಖರವಾಗಿ ಮರಳಿದರೂ, ಕೊನೆಗೆ ಕೈಯ ಹೊರಳಿನಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹೀಗಾಗಿ ಹೆಚ್ಚು ಬೆಳವಣಿಗೆ ಬಾಕಿಯಿರುವ ಮಕ್ಕಳಿಗೆ ಸರಳು, ಬೆಳವಣಿಗೆ ಮುಗಿಯುತ್ತಾ ಬಂದವರಿಗೆ ಮತ್ತು ಚೂರಾದ ಮುರಿತಗಳಿಗೆ ಪ್ಲೇಟ್ ಎಂಬ ಹಂಚಿಕೆ ಹಲವೆಡೆ ಬಳಕೆಯಲ್ಲಿದೆ. ಎರಡರಲ್ಲಿ ಒಂದು ಮೂಳೆಯನ್ನಷ್ಟೇ ಕಟ್ಟಿ ಇನ್ನೊಂದನ್ನು ಪ್ಲಾಸ್ಟರಿಗೆ ಬಿಡುವವರೂ ಇದ್ದಾರೆ.

ಪ್ಲೇಟನ್ನು ತೆಗೆಸಬೇಕೇ? ಮಕ್ಕಳಲ್ಲಿ ಮೂಳೆ ಪ್ಲೇಟಿನ ಮೇಲೇ ಬೆಳೆದು ಅದನ್ನು ಮುಚ್ಚಿಬಿಡಬಹುದು, ಆಗ ತೆಗೆಯುವುದು ಹಾಕಿದ್ದಕ್ಕಿಂತ ಕಷ್ಟ. ಇನ್ನೊಂದು ಕಡೆ, ಹೊರೆಯನ್ನು ಪ್ಲೇಟೇ ಹೊತ್ತಿದ್ದರಿಂದ ಅದರ ಕೆಳಗಿನ ಮೂಳೆ ಸ್ವಲ್ಪ ಸೊರಗಿರುತ್ತದೆ. ತೆಗೆದ ಮೇಲೆ ಖಾಲಿಯಾದ ಸ್ಕ್ರೂ ರಂಧ್ರಗಳು ತುಂಬುವವರೆಗೆ ಅಲ್ಲಿ ಮತ್ತೆ ಮುರಿಯುವ ಅಪಾಯವಿದೆ. ಗಾಯದ ಕಲೆಯಲ್ಲಿ ನರ ಅಂಟಿಕೊಂಡಿರುವುದರಿಂದ ರೇಡಿಯಸ್‌ನ ಮೇಲ್ಭಾಗದ ಪ್ಲೇಟನ್ನು ಹಲವರು ಮುಟ್ಟಲು ಹೋಗುವುದಿಲ್ಲ. ಎಲ್ಲರಿಗೂ ಒಂದೇ ಉತ್ತರವಿಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ದಿನವೇ ಈ ಮಾತು ಆಗಿರಬೇಕು.

ತಂದೆತಾಯಿಯ ಪಾಲು

ಮುರಿದ ಕೈಗೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ನಾಟಿ ಕಟ್ಟಾಗಲಿ ಆಸ್ಪತ್ರೆಯ ಪ್ಲಾಸ್ಟರಾಗಲಿ, ಬಿಗಿಯಾದರೆ ಒಳಗೆ ಊತಕ್ಕೆ ಜಾಗವಿಲ್ಲದೆ ರಕ್ತಸಂಚಾರ ನಿಂತು ಸ್ನಾಯು ಸಾಯುತ್ತದೆ, ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಜರ್ಮನಿಯ ರಿಚರ್ಡ್ ಫೋಕ್‌ಮನ್ ಇದನ್ನು 1881ರಲ್ಲೇ ವಿವರಿಸಿದ್ದ. ಮಗು ಸಮಾಧಾನವಾಗದೆ ಚಡಪಡಿಸಿದರೆ, ನೋವಿನ ಔಷಧಿ ಮತ್ತೆ ಮತ್ತೆ ಕೇಳಿದರೆ, ಬೆರಳುಗಳನ್ನು ಮೆಲ್ಲನೆ ಬಿಡಿಸಿದಾಗ ಚೀರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಣ್ಣೆ ತಿಕ್ಕಿ ಕೈಯನ್ನು ಬಲವಂತವಾಗಿ ತಿರುವಬೇಡಿ. ಮಗು ಆಡುತ್ತಾ ಉಣ್ಣುತ್ತಾ ತಾನೇ ಹೊರಳನ್ನು ಮರಳಿ ಪಡೆಯುತ್ತದೆ.

ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಮುರಿತ ಎಲ್ಲಿದೆ, ಈಗ ಎಷ್ಟು ಬಾಗಿದೆ, ಅದನ್ನು ತಿದ್ದಿಕೊಳ್ಳಲು ನನ್ನ ಮಗುವಿಗೆ ಎಷ್ಟು ಬೆಳವಣಿಗೆ ಉಳಿದಿದೆ. ಆರು ವರ್ಷದ ಮಗುವಿಗೆ ಪ್ಲೇಟ್ ಬೇಡ ಎಂದರೆ ಅದು ಉದಾಸೀನವಲ್ಲ, ಹದಿಮೂರರ ಹುಡುಗನಿಗೆ ಬೇಕು ಎಂದರೆ ಅದು ಹಣದಾಸೆ ಎಂದುಕೊಳ್ಳಬೇಕಿಲ್ಲ. ಇಬ್ಬರ ಮೂಳೆಗೂ ಉಳಿದಿರುವ ಕಾಲವೇ ಬೇರೆ. ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ಮೊದಲ ಮೂರು ವಾರದ ಎಕ್ಸ್‌ರೇಗಳನ್ನು ದಯವಿಟ್ಟು ತಪ್ಪಿಸಬೇಡಿ. ಮೊದಲ ವಾರಗಳಲ್ಲಿ ಸರಿದ ಮೂಳೆಯನ್ನು ಎಳೆದು ಕೂರಿಸಬಹುದು. ಎರಡು ತಿಂಗಳ ನಂತರ ಅದನ್ನು ಕತ್ತರಿಸಿಯೇ ನೇರ ಮಾಡಬೇಕು.